ಮೇಸ್ತ್ರಿಯ ಮಟ್ಟಗೋಲು

"ಗುರುಗಳೇ, ನಾನು ಕಟ್ಟಿದ ಹೊಸ ಮನೆಯನ್ನು ನೋಡಿ ಹೇಳಲು ಯಜಮಾನ ಪರವೂರಿನ ಮೇಸ್ತ್ರಿಯೊಬ್ಬನನ್ನು ಕರೆಸಿದ್ದಾನೆ. ಕೆಲಸದಲ್ಲಿ ನಾನು ಎಂದೂ ಕಳ್ಳತನ ಮಾಡಿದವನಲ್ಲ. ಇದು ನನಗೆ ಅವಮಾನವಲ್ಲವೇ?" ಎಂದು ಶಿಷ್ಯ ಚನ್ನವೀರ ಕೇಳಿದ. ಅವನು ಮನೆ ಕಟ್ಟುವ ಮೇಸ್ತ್ರಿ.

ಗುರು ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ದೈವಭಕ್ತ; ಕೈ, ಬಾಯಿ ಎರಡೂ ಶುದ್ಧ. ಗೋಡೆ ನೆಟ್ಟಗಿದೆಯೋ ಎಂದು ನೋಡಲು ಅವನ ಬಳಿ ತಂದೆ ಕೊಟ್ಟ ಮರದ ಮಟ್ಟಗೋಲೊಂದಿತ್ತು. ವರ್ಷವರ್ಷವೂ ಆಯುಧಪೂಜೆಯ ದಿನ ಅದಕ್ಕೆ ನೀರೆರೆದು, ಬಿಸಿಲಲ್ಲಿ ಒಣಗಿಸಿ, ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದ.

ಅವನು ಒಬ್ಬ ರೈತನಿಗೆ ಮನೆ ಕಟ್ಟಿಕೊಟ್ಟ. ಮನೆ ಒಕ್ಕಲಾದ ಮರುದಿನವೇ ತೊಲೆಗೆ ಮೊಮ್ಮಗಳ ತೊಟ್ಟಿಲು ಕಟ್ಟಬೇಕೆಂದು ರೈತನ ಹೆಂಡತಿಯ ಆಸೆ. ಆದರೂ ಅವಳು ಪಕ್ಕದೂರಿನ ಮುದುಕ ಮೇಸ್ತ್ರಿಯೊಬ್ಬನನ್ನು ಕರೆಸಿ, ಗೋಡೆ ನೋಡಲು ಹೇಳಿದಳು.

ಮನೆ ಕಟ್ಟಿದವನಿಗೆ ಮೈ ಉರಿಯಿತು. "ಏನವ್ವ, ಈ ಊರಲ್ಲಿ ಹನ್ನೆರಡು ಮನೆ ಎಬ್ಬಿಸಿದ್ದೇನೆ. ನನ್ನ ಗೋಡೆಗೂ ಪರೀಕ್ಷೆಯೇ?"

"ಹೆತ್ತವರಿಗೆ ಹೆಗ್ಗಣವೂ ಮುದ್ದು ಕಣಪ್ಪ. ಬೇರೆಯವರೊಬ್ಬರು ನೋಡಲಿ ಬಿಡು."

ಮೇಸ್ತ್ರಿ ತನ್ನ ಮಟ್ಟಗೋಲು ತಂದು ಗೋಡೆಗೆ ಒತ್ತಿ ಹಿಡಿದ. ಕೂದಲೆಳೆಯಷ್ಟೂ ಸಂದಿಲ್ಲ. "ನೋಡಿಕೊಳ್ಳಿ" ಎಂದ.

ಮುದುಕ ತೊಲೆಯಿಂದ ನೆಲದವರೆಗೆ ಒಂದು ಹುರಿಯನ್ನು ಬಿಗಿಯಾಗಿ ಎಳೆದ. ಹುರಿ ನಡುವೆ ಗೋಡೆಗೆ ತಾಗಿತು; ಮೇಲೂ ಕೆಳಗೂ ಎರಡೆರಡು ಬೆರಳು ದೂರ ನಿಂತಿತು. ಗೋಡೆ ಹೊಟ್ಟೆ ಬಿಟ್ಟಿತ್ತು.

ಮೇಸ್ತ್ರಿ ಹುರಿಯನ್ನು ಕಿತ್ತುಕೊಂಡು ತಾನೇ ಹಿಡಿದು ನೋಡಿದ. ಅದೇ ಎರಡು ಬೆರಳು. ಆಮೇಲೆ ಹುರಿಯನ್ನು ತನ್ನ ಮಟ್ಟಗೋಲಿನ ಉದ್ದಕ್ಕೆ ಹಿಡಿದ. ವರ್ಷವರ್ಷದ ನೀರಿಗೆ, ಬಿಸಿಲಿಗೆ ಕೋಲು ಬಾಗಿತ್ತು. ಕೋಲು ಬಾಗಿದಂತೆ ಗೋಡೆಯೂ ಎದ್ದಿತ್ತು. ಅವನು ಸುಳ್ಳು ಹೇಳಿರಲಿಲ್ಲ; ಅವನಿಗೆ ತಪ್ಪು ಕಾಣುವ ದಾರಿಯೇ ಇರಲಿಲ್ಲ.

ಮನೆ ಒಕ್ಕಲು ಮುಂದಕ್ಕೆ ಹೋಯಿತು. ಗೋಡೆ ಇಳಿಸಿ ಮತ್ತೆ ಕಟ್ಟುವುದೆಂದಾಯಿತು. ಮೇಸ್ತ್ರಿ ಆ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಲಿಲ್ಲ. ಮುದುಕನ ಹುರಿಯನ್ನು ಕೇಳಿ ಇಸಿದುಕೊಂಡು, ತಾನು ಕಟ್ಟಿದ್ದ ಉಳಿದ ಮನೆಗಳ ಕಡೆಗೆ ನಡೆದ.

ಗುರು ಕತೆ ನಿಲ್ಲಿಸಿದರು. ಚನ್ನವೀರ ಯೋಚಿಸಿ, "ನನ್ನ ಮಟ್ಟಗೋಲು ನೆಟ್ಟಗೇ ಇದೆ, ಗುರುಗಳೇ" ಎಂದ.

"ಇರಬಹುದಪ್ಪ, ಆದರೆ ನೀನು ಕಟ್ಟಿದ ಸೂರಿನ ಕೆಳಗೆ ಮಲಗುವವನು ನೀನಲ್ಲವಲ್ಲ."