ಬಾಯಿ ಬಿಡದ ಮೊಸಳೆವ್ವ

ಹೊಳೆ ಆಗಿನ್ನೂ ಹೊಸದು. ಎತ್ತ ಹರಿಯಬೇಕು ಅಂತ ಅದಕ್ಕೇ ಸರಿಯಾಗಿ ಗೊತ್ತಿರಲಿಲ್ಲ. ಎದುರಾದ ಬಂಡೆಗಳನ್ನೆಲ್ಲ ದಾರಿ ಕೇಳಿಕೊಂಡು ಹರಿಯುತ್ತಿತ್ತು. ಮರಳು ಆಗಷ್ಟೇ ಬಂದು ದಂಡೆಯ ಮೇಲೆ ಕೂತಿತ್ತು. ಗಾಳಿಗೆ ಬರುತ್ತಿದ್ದದ್ದು ಮೂರೇ ಮಾತು: ಬಂದೆ, ಹೋದೆ, ಓಡು.

ಅಂಥ ಕಾಲದ ಮಾತು ಇದು, ನನ್ನವ್ವ. ಹರಿಗೋಲಿನ ನಡುವೆ ಕೂತುಕೋ, ಅಂಚಿಗೆ ಹೋಗಬೇಡ. ಆಗಿನಿಂದ ತಲೆ ತಿನ್ನುತ್ತಿದ್ದೀಯಲ್ಲ, ಆ ಮೊಸಳೆ ಬಂಡೆಯ ಮೇಲೆ ಯಾಕೆ ಹಂಗೆ ಬಾಯಿ ತೆರೆದು ಮಲಗಿದೆ, ಅದನ್ನು ಕಂಡ ಕೂಡಲೇ ಅಜ್ಜಿ ಯಾಕೆ ನೀರಿನಿಂದ ಹುಟ್ಟು ಎತ್ತಿ ಹಿಡಿದಳು ಅಂತ. ಹೇಳ್ತೀನಿ. ಆದರೆ ನಡುನಡುವೆ ಬಾಯಿ ಹಾಕಬಾರದು. ಹುಟ್ಟು ಹಾಕುವ ಕೈಗೂ ಕಥೆ ಹೇಳುವ ಬಾಯಿಗೂ ಲೆಕ್ಕ ತಪ್ಪಿದರೆ ಇಬ್ಬರೂ ನೀರಲ್ಲಿ ಬೀಳ್ತೀವಿ.

ಆ ಹೊಸ ಹೊಳೆಯಲ್ಲಿ ಒಬ್ಬಳು ಮೊಸಳೆವ್ವ ಇದ್ದಳು. ಮೈಯೆಲ್ಲ ಈಗಿನ ಹಾಗೇ. ಬೆನ್ನ ತುಂಬ ಗಟ್ಟಿ ಹುರುಪೆ, ಗರಗಸದ ಬಾಲ, ನೀರಲ್ಲಿ ಮುಳುಗಿದರೂ ಮೇಲೆ ಕಾಣುವ ಎರಡು ಕಣ್ಣು, ಎರಡು ಮೂಗಿನ ಹೊಳ್ಳೆ. ನಾಲಿಗೆ ಮಾತ್ರ ಈಗಿನ ಹಾಗಲ್ಲ. ಮೊಳದುದ್ದ ನಾಲಿಗೆ. ಬಾಯಿಂದ ಹೊರಗೆ ಬಂದು ಕಣ್ಣಿನ ಮೇಲೆ ಕೂತ ನೊಣ ಓಡಿಸಿ ಒಳಗೆ ಹೋಗುತ್ತಿತ್ತು.

ಅಷ್ಟುದ್ದ ನಾಲಿಗೆ ಸುಮ್ಮನೆ ಇರುತ್ತದೆಯೇ? ಬೆಳಗಾದರೆ ಮಾತು, ಬೈಗಾದರೆ ಮಾತು. ನೀರುನಾಯಿ ಎಲ್ಲಿ ಮಲಗುತ್ತದೆ, ಆಮೆ ಯಾರ ಮೇಲೆ ಮುನಿಸಿಕೊಂಡಿದೆ, ಯಾವ ಮೀನು ಯಾವ ಮಡುವಿಗೆ ಮನೆ ಬದಲಾಯಿಸಿತು, ಎಲ್ಲ ಅವಳ ಬಾಯಲ್ಲೇ. ಅವಳ ಹೊಟ್ಟೆಯಲ್ಲಿ ಮೀನು ನಿಂತೀತು, ಮಾತು ನಿಲ್ಲುತ್ತಿರಲಿಲ್ಲ. ನಿಮ್ಮ ದೊಡ್ಡಮ್ಮನ ಹಾಗೆ ಅಂತಿಟ್ಟುಕೋ. ಅವಳಿಗೆ ಹೇಳಬೇಡ ಮತ್ತೆ.

ಒಂದು ಬೇಸಿಗೆಯಲ್ಲಿ ಮೊಸಳೆವ್ವ ದಂಡೆ ಹತ್ತಿ, ಹಿಂಗಾಲಿನಿಂದ ಮರಳು ತೋಡಿ, ಕುಳಿ ಮಾಡಿ, ಮೂವತ್ತು ಮೊಟ್ಟೆ ಇಟ್ಟಳು. ಬೆಳ್ಳಗೆ, ಗಟ್ಟಿಯಾಗಿ, ಮೂವತ್ತು. ಮೇಲೆ ಮರಳು ಮುಚ್ಚಿದಳು. ಕೋಳಿಯ ಹಾಗೆ ಅವಳು ಮೇಲೆ ಕೂತು ಕಾವು ಕೊಡುವುದಿಲ್ಲ. ಬಿಸಿಲಿನದೇ ಕಾವು, ಮರಳಿನದೇ ಮಡಿಲು. ಒಳಗಿರುವುದು ಹೆಣ್ಣೋ ಗಂಡೋ ಅನ್ನುವುದನ್ನೂ ಮರಳಿನ ಬಿಸಿಯೇ ತೀರ್ಮಾನ ಮಾಡುತ್ತದೆ. ತಾಯಿಯ ಕೆಲಸ ಕಾಯುವುದು, ಗುಟ್ಟು ಕಾಪಾಡುವುದು, ಅಷ್ಟೇ.

ಅಷ್ಟೇ ಅಂದೆ. ಆದರೆ ಅವಳಿಂದ ಆಗಬೇಕಲ್ಲ? ಖುಷಿ ಅಂದರೆ ಖುಷಿ ಅವಳಿಗೆ. ನೀರಿಗೆ ಇಳಿದರೆ ನಗು, ಮೇಲೆ ಬಂದರೆ ನಗು. ಆಗ ಬಂದ ನೋಡು, ಉಡಪ್ಪ. ಬಂದವನೇ ನೆಂಟಸ್ತನ ತೆಗೆದ. ನಿನಗೂ ನಾಲ್ಕು ಕಾಲು, ನನಗೂ ನಾಲ್ಕು ಕಾಲು, ನಿನ್ನ ಮೈಮೇಲೂ ಹುರುಪೆ, ನನ್ನ ಮೈಮೇಲೂ ಹುರುಪೆ, ನಾವು ಹೊರಗಿನವರೇನಕ್ಕಾ, ಏನು ವಿಶೇಷ ಅಂದ. ಮೊಸಳೆವ್ವ ಯಾರಿಗೂ ಹೇಳಬೇಡ ಅಂತ ಮೊದಲು ಹೇಳಿ, ಆಮೇಲೆ ಎಲ್ಲ ಹೇಳಿದಳು. ಜಾಲಿ ಗಿಡದಿಂದ ಏಳು ಹೆಜ್ಜೆ, ಕಪ್ಪೆಚಿಪ್ಪು ಬಿದ್ದಿದೆಯಲ್ಲ, ಅದರ ಕೆಳಗೆ.

ಮಧ್ಯಾಹ್ನ ಒಂದು ಮೀನು ಹಿಡಿದು ಬರೋಣ ಅಂತ ನೀರಿಗೆ ಇಳಿದಳು. ಬಂದು ನೋಡಿದರೆ ಕುಳಿ ಬಗೆದಿದೆ. ಮರಳ ತುಂಬ ಬಿಳಿ ಓಡುಗಳು. ಉಡಪ್ಪ ಎಲ್ಲೂ ಇಲ್ಲ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಪಾಪ, ಅವಳದು ಒಂದೇ ದಿನ ಎರಡೂ ಹೋಯ್ತು. ಓಡುಗಳನ್ನು ಮೂಗಿನಿಂದ ಒಂದೊಂದಾಗಿ ಹೊರಳಿಸಿ ನೋಡಿದಳು, ಒಂದಾದರೂ ಉಳಿದಿದೆಯಾ ಅಂತ. ಆಮೇಲೆ ಅತ್ತಳು. ಮೊಸಳೆ ಕಣ್ಣೀರು, ಮೊಸಳೆ ಕಣ್ಣೀರು ಅಂತ ಜನ ಆಡಿಕೊಳ್ಳುತ್ತಾರಲ್ಲ, ಅವರು ಆ ದಿನ ನೋಡಿಲ್ಲ. ಹೊಳೆ ಒಂದು ಗೇಣು ಏರಿತಂತೆ.

ಹೊಳೆಗೇ ತಡೆಯಲಾಗಲಿಲ್ಲ. ದಂಡೆಯ ಹತ್ತಿರ ಸರಿದು ಅವಳ ಕಾಲು ಮುಟ್ಟಿತು.

“ಅಳಬೇಡ. ಮುಂದಿನ ಸಲ ಮೊಟ್ಟೆ ಇಟ್ಟ ಮೇಲೆ, ಮರಿಗಳು ನೀರು ಸೇರುವ ತನಕ ನೀನು ಬಾಯಿ ಬಿಡಬೇಡ” ಅಂದಿತು.

ಹೊಳೆ ಏನು ಹೇಳಿತು, ಹೇಳು ನೋಡೋಣ? ಹಾಂ, ಗುಟ್ಟು ಯಾರಿಗೂ ಹೇಳಬೇಡ ಅಂತ. ನಿನಗೆ ತಿಳಿಯಿತು. ಮೊಸಳೆವ್ವ ಹುಟ್ಟಿದಾಗಿನಿಂದ ಮಾತಾಡಿದ್ದೇ ಜಾಸ್ತಿ, ಕೇಳಿಸಿಕೊಂಡದ್ದು ಕಡಿಮೆ. ಅವಳಿಗೆ ತಿಳಿದದ್ದೇ ಬೇರೆ.

ಮರುವರ್ಷ ಬೇಸಿಗೆ ಬಂತು. ಬೇರೆ ದಂಡೆ, ಬೇರೆ ಕುಳಿ, ಮತ್ತೆ ಮೂವತ್ತು ಮೊಟ್ಟೆ. ಮರಳು ಮುಚ್ಚಿದಳು. ಮುಚ್ಚಿದವಳೇ ಬಾಯನ್ನೂ ಮುಚ್ಚಿದಳು. ಟಪ್ ಅಂತ ಮೇಲಿನ ಹಲ್ಲು, ಕೆಳಗಿನ ಹಲ್ಲು ಸೇರಿಬಿಟ್ಟವು. ಬಾಯಿ ಬಿಟ್ಟರೆ ಮಕ್ಕಳು ಹೋದಾವು ಅಂತ ಅವಳ ಎದೆಯಲ್ಲಿ ಕೂತುಬಿಟ್ಟಿತ್ತು.

ಮೀನು ಮೂಗಿನ ಮುಂದೆ ಬಂದವು. ಬಾಯಿ ಬಿಡಲಿಲ್ಲ. ಬಿಸಿಲು ನೆತ್ತಿ ಸುಟ್ಟಿತು. ಬಾಯಿ ಬಿಡಲಿಲ್ಲ. ಆಕಳಿಕೆ ಬಂತು, ಯವ್ವಾ, ಎಂಥ ಆಕಳಿಕೆ, ಕಣ್ಣಲ್ಲಿ ನೀರು ಬಂತು. ಆದರೂ ಬಾಯಿ ಬಿಡಲಿಲ್ಲ. ಒಂದು ದಿನ ಅಲ್ಲ, ಎರಡು ದಿನ ಅಲ್ಲ. ಅಮಾವಾಸ್ಯೆ ಹೋಗಿ ಹುಣ್ಣಿಮೆ, ಹುಣ್ಣಿಮೆ ಹೋಗಿ ಅಮಾವಾಸ್ಯೆ, ಹಿಂಗೆ ಎರಡು ಸುತ್ತು, ಎರಡು ತಿಂಗಳು. ಮೊಸಳೆ ಎಷ್ಟು ದಿನ ಬೇಕಾದರೂ ಉಪವಾಸ ಇರಬಲ್ಲಳು, ಅದು ದೊಡ್ಡದಲ್ಲ. ಮಾತಾಡದೆ ಇರುವುದಿತ್ತಲ್ಲ, ಅದು ದೊಡ್ಡದು. ಮಾತು ಗಂಟಲಿಗೆ ಬಂದಾಗಲೆಲ್ಲ ನಾಲಿಗೆ ಎದ್ದು ಕುಣಿಯುತ್ತಿತ್ತು. ಅವಳು ಅದನ್ನು ಕೆಳಗೆ ಒತ್ತುತ್ತಿದ್ದಳು. ಎದ್ದಿತು, ಒತ್ತಿದಳು. ಎದ್ದಿತು, ಒತ್ತಿದಳು.

ಉಡಪ್ಪ ಮತ್ತೆ ಬಂದ. ಅವನಿಗೆ ನಾಚಿಕೆ ಎಲ್ಲಿಂದ ಬರಬೇಕು? ಈ ವರ್ಷ ಎಲ್ಲಿಟ್ಟೆ ಅಕ್ಕಾ ಅಂತ ಬೆಣ್ಣೆ ಹಚ್ಚಿದ. ಮಾತಿಲ್ಲ. ನಿನ್ನ ಮೂತಿ ಸೊಟ್ಟಗಿದೆ ಅಂದ. ಮಾತಿಲ್ಲ. ನಿಮ್ಮವ್ವನ ಮೂತಿಯೂ ಸೊಟ್ಟಗಿತ್ತು ಅಂದ. ಆಗಲೂ ಮಾತಿಲ್ಲ, ಬಾಲ ಮಾತ್ರ ಒಂದು ಸುತ್ತು ಬೀಸಿತು. ಉಡಪ್ಪ ಜಾಲಿ ಮುಳ್ಳಿನಲ್ಲಿ ತಲೆಕೆಳಗಾಗಿ ಬಿದ್ದಿದ್ದನ್ನು ಹೊಳೆಯ ಹಕ್ಕಿಗಳೆಲ್ಲ ನೋಡಿದವು.

ಇನ್ನೊಂದು ಆಯಿತು. ಮಾತಿಲ್ಲದೆ ಕೂತವಳಿಗೆ ಕಿವಿ ತೆರೆಯಿತು. ಇರುವೆ ಮರಳ ಕಾಳು ಉರುಳಿಸುವ ಸದ್ದು ಕೇಳಿಸತೊಡಗಿತು. ನೀರೊಳಗೆ ಏಡಿ ನಡೆಯುವ ಸದ್ದು ಕೇಳಿಸತೊಡಗಿತು. ಇಷ್ಟೊಂದು ಸದ್ದು ಲೋಕದಲ್ಲಿ ಇತ್ತಾ ಅಂತ ಅವಳಿಗೇ ಆಶ್ಚರ್ಯ.

ಈಗ ಗಟ್ಟಿಯಾಗಿ ಕೂತುಕೋ. ಕಥೆಗೆ ನೀರು ಬರುತ್ತಿದೆ.

ಒಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಕಪ್ಪಿಟ್ಟಿತು. ಘಟ್ಟದ ಮೇಲೆ ಮಳೆ ಬಿದ್ದು, ಕೆಂಪು ಹೊಸ ನೀರು ದಡ ತುಂಬಿ ಬರುತ್ತಿತ್ತು. ಗಾಳಿ ಮುಂದಾಗಿ ಬಂದು ಓಡು, ಓಡು, ಓಡು ಅಂತು. ಅದೇ ಗಳಿಗೆಯಲ್ಲಿ ಮರಳಿನ ಒಳಗಿನಿಂದ ಸಣ್ಣ ದನಿ ಬಂತು.

“ಕ್ವಂಕ್.”

ಇನ್ನೊಂದು, “ಕ್ವಂಕ್.” ಆಮೇಲೆ ಮೂವತ್ತೂ ಸೇರಿಕೊಂಡವು. ಮೊಟ್ಟೆಯೊಳಗಿನಿಂದಲೇ ತಾಯಿಯನ್ನು ಕರೆಯುತ್ತಿವೆ. ಹಳೆಯ ಮೊಸಳೆವ್ವ ಆಗಿದ್ದರೆ ತನ್ನ ಮಾತಿನ ಗದ್ದಲದಲ್ಲಿ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಈಗ ಕೇಳಿಸಿತು. ಓಡಿ ಬಂದು ಮರಳು ಬಗೆದಳು. ಗೇಣುದ್ದದ ಮರಿಗಳು ಓಡು ಒಡೆದು ಒಂದರ ಮೇಲೊಂದು ಹೊರಬಿದ್ದವು. ಮೂತಿ ಅವಳದೇ, ಹುರುಪೆ ಅವಳದೇ.

ನೋಡಿ ಸುಖಪಡಲು ಹೊತ್ತೆಲ್ಲಿದೆ? ಹೊಳೆ ಏರುತ್ತಿದೆ. ಆ ಸೆಳವಿಗೆ ಬಿದ್ದರೆ ಗೇಣುದ್ದದ ಮರಿ ಉಳಿಯುವುದಿಲ್ಲ. ಬೆಳ್ಳಕ್ಕಿಗಳು ಸಾಲಾಗಿ ಬಂದು ಕೂತಿವೆ. ಉಡಪ್ಪ ಜಾಲಿಯ ಮರೆಯಲ್ಲಿ ತುಟಿ ಸವರುತ್ತಿದ್ದಾನೆ. ಬಂಡೆಗಳ ಹಿಂದೆ ಒಂದು ಮಡು ಇದೆ, ಅಲ್ಲಿ ನೀರು ತಣ್ಣಗೆ ನಿಂತಿದೆ, ಸೆಳವಿಲ್ಲ. ಆದರೆ ಅದು ನೂರು ಹೆಜ್ಜೆ ಆಚೆ.

ಮೂಗಿನಿಂದ ತಳ್ಳಿದಳು, ಮರಿಗಳು ಉರುಳಿ ಮತ್ತೆ ಕುಳಿಗೇ ಬಿದ್ದವು. ಕಾಲಿನಿಂದ ಎತ್ತಲು ಹೋದರೆ ಎಲ್ಲಿ ತುಳಿದುಬಿಡುತ್ತೇನೋ ಅನ್ನುವ ಭಯ. ಬಾಲದ ಮೇಲೆ ಹತ್ತಿಸಿಕೊಂಡಳು, ಜಾರಿದವು. ಕೆಂಪು ನೀರು ಕುಳಿಯ ಅಂಚು ನೆಕ್ಕಿತು. ಅವಳಿಗೆ ಉಳಿದದ್ದು ಒಂದೇ, ಬಾಯಿ. ಬಿಟ್ಟರೆ ಮಕ್ಕಳು ಹೋಗುತ್ತವೆ ಅಂತ ಎರಡು ತಿಂಗಳು ಬಿಗಿಹಿಡಿದ ಬಾಯಿ. ಬಿಡದಿದ್ದರೆ ಈಗ ಕಣ್ಣೆದುರೇ ಹೋಗುತ್ತವೆ.

ಆದದ್ದಾಗಲಿ ಅಂತ ತೆರೆದಳು.

ನಾಲಿಗೆ ಏಳಲಿಲ್ಲ, ನನ್ನವ್ವ. ಒತ್ತಿ ಒತ್ತಿ ಬಾಯಿಯ ತಳಕ್ಕೆ ಅಂಟಿಕೊಂಡುಬಿಟ್ಟಿತ್ತು. ಆ ಮೊಳದುದ್ದದ ನಾಲಿಗೆ ಇದ್ದ ಜಾಗವೆಲ್ಲ ಖಾಲಿ. ಮೆತ್ತಗೆ ಒಂದೊಂದೇ ಮರಿಯನ್ನು ಎತ್ತಿಟ್ಟುಕೊಂಡಳು. ಅರವತ್ತು ಹಲ್ಲು ಅವಳಿಗೆ, ಒಂದೂ ತಾಗಲಿಲ್ಲ. ಹತ್ತು ಮರಿ ಒಯ್ದು ಮಡುವಿನಲ್ಲಿ ಬಿಟ್ಟಳು. ಓಡಿ ಬಂದಳು. ಇನ್ನೂ ಹತ್ತು ಒಯ್ದಳು. ಓಡಿ ಬಂದಳು. ಉಳಿದ ಹತ್ತರಲ್ಲಿ ಒಂದು ಇನ್ನೂ ಮೊಟ್ಟೆಯೊಳಗೇ ಇತ್ತು, ಓಡು ಒಡೆಯಲಾಗದೆ ಒಳಗೇ ಕೂಗುತ್ತಿತ್ತು. ಒಂಬತ್ತು ಮರಿಗಳ ಜೊತೆ ಆ ಮೊಟ್ಟೆಯನ್ನೂ ಬಾಯಿಗಿಟ್ಟುಕೊಂಡು, ಅಂಗುಳಿಗೆ ಒತ್ತಿ, ಹದವಾಗಿ ಕಟಕ್ ಅನಿಸಿದಳು. ಓಡು ಕೆಳಗೆ ಬಿತ್ತು. ಮರಿ ಒಳಗೆ ಉಳಿಯಿತು.

ಸರಿಯಾಗಿ ಆ ಗಳಿಗೆಗೇ ನಮ್ಮ ಸಂಕವ್ವ ಬರಬೇಕೇ?

ಸಂಕವ್ವ ಅಂದರೆ ಈ ಹೊಳೆಯಲ್ಲಿ ಮೊದಲ ಹರಿಗೋಲು ಹೆಣೆದವಳು. ನನ್ನ ಅಜ್ಜಿಯ ಅಜ್ಜಿಯ ಅಜ್ಜಿ, ಅದಕ್ಕೂ ಹಿಂದಿನವಳು. ನೀರು ಏರುವ ಮೊದಲು ಈಚೆ ದಡ ಸೇರೋಣ ಅಂತ ಗಡಬಡಿಸಿ ಬರುತ್ತಿದ್ದಳು. ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡ ಹಸುಗೂಸು. ದಂಡೆಯ ಹತ್ತಿರ ಬಂದು ನೋಡಿದರೆ ಮೊಸಳೆಯ ಬಾಯಲ್ಲಿ ಮೊಟ್ಟೆ ಕಟಕ್ ಅಂತು, ಓಡು ಬಿತ್ತು, ಮರಿ ಕಾಣೆ. ಹೆತ್ತವಳಿಗೆ ಹೇಗಾಗಿರಬೇಕು? ಅವಳ ಮೈ ಉರಿದುಹೋಯಿತು. ಹರಿಗೋಲಿನಲ್ಲಿ ಎದ್ದು ನಿಂತು, ಎರಡೂ ಕೈಯಿಂದ ಹುಟ್ಟನ್ನು ತಲೆಯ ಮೇಲೆ ಎತ್ತಿದಳು.

“ಹೆತ್ತ ಮಕ್ಕಳನ್ನ ತಿಂತೀಯೇನ, ಪಾಪಿ?”

ಮತ್ತಿಯ ಮರದ ಹುಟ್ಟು ಅದು. ಬಿದ್ದರೆ ಮೊಸಳೆವ್ವನ ಮೂತಿಯೂ ಇಲ್ಲ, ಒಳಗಿನ ಹತ್ತು ಮರಿಯೂ ಇಲ್ಲ. ನೀರೊಳಗೆ ಮುಳುಗೋಣ ಅಂದರೆ ಸೆಳವು ಬಾಯೊಳಗೆ ನುಗ್ಗುತ್ತದೆ. ಕಚ್ಚೋಣ ಅಂದರೆ ಹಲ್ಲಿನ ನಡುವೆ ಮಕ್ಕಳು. ಹಾಗಲ್ಲ ತಾಯಿ, ಹೀಗೆ ಅಂತ ಹೇಳೋಣ ಅಂದರೆ ನಾಲಿಗೆ ಇಲ್ಲ. ಹೊಳೆಯ ತುಂಬ ಮಾತಾಡಿದವಳಿಗೆ ಬೇಕಾದಾಗ ಒಂದು ಮಾತೂ ಇಲ್ಲ.

ಮೊಸಳೆವ್ವ ತಲೆ ಎತ್ತಿದಳು. ಸಂಕವ್ವನನ್ನೇ ನೋಡುತ್ತ, ಮೆಲ್ಲಗೆ, ಪೂರ್ತಿ ಬಾಯಿ ತೆರೆದಳು.

ಒಳಗೆ ಹತ್ತು ಮರಿ. ಹಲ್ಲಿನ ಸಂದಿಯಲ್ಲಿ ಹತ್ತು ಪುಟ್ಟ ಮೂತಿ ಹೊರಗೆ ಇಣುಕುತ್ತಿವೆ. ಈಗಷ್ಟೇ ಮೊಟ್ಟೆಯಿಂದ ಬಂದದ್ದು ಮುಂದೆ ಬಂದು ಸಂಕವ್ವನನ್ನು ನೋಡಿ ಕ್ವಂಕ್ ಅಂತು. ಸೆರಗಿನೊಳಗಿನ ಕೂಸು ಅದಕ್ಕೆ ಉಂಗಾ ಅಂತು.

ಸಂಕವ್ವನ ಕೈ ಹಾಗೇ ನಿಂತಿತು. ಹೊಡೆಯಲಾಗಲಿಲ್ಲ, ಇಳಿಸುವುದೂ ಮರೆತುಹೋಯಿತು. ಕಣ್ಣಲ್ಲಿ ನೀರು ತುಂಬಿತು.

“ಯವ್ವಾ, ನಾನು ಸೆರಗಿನಾಗ ಕಟ್ಟಿಕೊಂಡೀನಿ, ನೀನು ಬಾಯಾಗ ಇಟ್ಟುಕೊಂಡೀಯಲ್ಲ. ಹೋಗವ್ವ, ದಾಟು” ಅಂದಳು.

ಅಲೆ ಏಳಬಾರದು ಅಂತ ಹುಟ್ಟನ್ನು ನೀರಿಗೆ ಇಳಿಸದೆ ಮೇಲೇ ಹಿಡಿದು ನಿಂತಳು. ಮೊಸಳೆವ್ವ ಮೆಲ್ಲಗೆ ಬಾಯಿ ಮುಚ್ಚಿ, ಅವಳ ಎದುರಿಗೇ ದಾಟಿ, ಬಂಡೆ ಬಳಸಿ ಮಡು ಸೇರಿದಳು. ಹತ್ತು, ಇಪ್ಪತ್ತು, ಮೂವತ್ತು. ಒಂದೂ ಕಡಿಮೆಯಿಲ್ಲ. ಉಡಪ್ಪ ಆ ದಿನ ಮಣ್ಣು ತಿಂದ.

ಆದರೂ ಮೊಸಳೆವ್ವನ ಭಯ ಹೋಗಲಿಲ್ಲ. ಬಾಯಿ ಬಿಟ್ಟುಬಿಟ್ಟೆನಲ್ಲ, ಇನ್ನೇನು ಕಾದಿದೆಯೋ ಅಂತ ಹೊಳೆಯ ಕಡೆ ನೋಡಿ ಅಳುತ್ತ ಕೂತಳು. ಹೊಳೆಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ನಗು ತಡೆಯಲಾಗಲಿಲ್ಲ. ಅದು ನಕ್ಕ ಹೊಡೆತಕ್ಕೆ ಬೆಳ್ಳಕ್ಕಿಗಳೆಲ್ಲ ಹಾರಿಹೋದವು.

“ಹುಚ್ಚಿ, ಮೊಟ್ಟೆ ಎಲ್ಲಿದೆ ಅಂತ ಬಾಯಿ ಬಿಡಬೇಡ ಅಂದೆ. ಬಾಯಿ ತೆರೆಯಲೇಬೇಡ ಅಂದೆನೇ?”

ಎರಡು ತಿಂಗಳ ಉಪವಾಸ, ಎರಡು ತಿಂಗಳ ಸೆಕೆ, ಎರಡು ತಿಂಗಳ ಆಕಳಿಕೆ. ಮೊಸಳೆವ್ವನಿಗೆ ಹೊಳೆಯನ್ನು ಬೈದುಬಿಡಬೇಕು ಅನ್ನಿಸಿತು. ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಒಂದು ಮರಿ ಬಂದು ಅವಳ ಮೂಗಿನ ಮೇಲೆ ಹತ್ತಿ ಕೂತಿತು. ಬೈಗುಳ ಅಲ್ಲೇ ಮರೆತುಹೋಯಿತು. ಮಳೆಗಾಲ ಕಳೆದು ಬಿಸಿಲು ಬಿದ್ದ ದಿನ ಬಂಡೆ ಹತ್ತಿ, ಎಷ್ಟು ಅಗಲಿಸಬಹುದೋ ಅಷ್ಟು ಅಗಲಿಸಿ ಬಾಯಿ ತೆರೆದು ಮಲಗಿದಳು. ತಂಗಾಳಿ ಒಳಗೆ ಹೋಗಿ ಬಂದೆ, ಹೋದೆ ಅಂದಿತು. ಅಬ್ಬಾ, ಎಷ್ಟು ಹಿತ ಅನ್ನಿಸಿತು ಅವಳಿಗೆ.

ಕಥೆ ಮುಗಿಯುತ್ತ ಬಂತು, ಹರಿಗೋಲೂ ಸುತ್ತಿ ಬಂಡೆಯ ಹತ್ತಿರ ಬಂತು. ಅಗೋ ನೋಡು, ಅಲ್ಲೇ ಇದ್ದಾಳೆ. ಇನ್ನೂ ಹತ್ತಿರ ಹೋಗುವುದು ಬೇಡ, ತಾಯಿ ಅವಳು, ತಮಾಷೆಯಲ್ಲ. ಇಲ್ಲಿಂದಲೇ ನೋಡು. ನಾಲಿಗೆ ಬಾಯಿಯ ತಳಕ್ಕೆ ಅಂಟಿಕೊಂಡೇ ಇದೆ, ಕಂಡಿತಾ? ಈ ಸಲದ ಮೊಟ್ಟೆ ಎಲ್ಲಿಟ್ಟಿದ್ದೀಯವ್ವ ಅಂತ ಬೇಕಾದರೆ ಕೇಳು. ಹೇಳುವುದಿಲ್ಲ.

ಹಿಡಿ, ಈ ಸಲ ಹುಟ್ಟು ನೀನು ಎತ್ತು. ಭಾರ ಇದೆ, ಎರಡೂ ಕೈ ಹಾಕು. ಹಾಂ, ಹಾಗೆ. ಸಂಕವ್ವ ಹೊಡೆಯಲು ಎತ್ತಿದ ಹುಟ್ಟನ್ನು ನಾವು ಅವಳ ಮಕ್ಕಳು ದಾರಿ ಬಿಡಲು ಎತ್ತುತ್ತೇವೆ. ಮೊಸಳೆವ್ವನೂ ಅಂದಿನಿಂದ ಇಂದಿನವರೆಗೆ ಬಿಸಿಲಲ್ಲಿ ಬಾಯಿ ತೆರೆದೇ ಮಲಗುತ್ತಾಳೆ, ಆದರೆ ಬಾಯಿ ಬಿಡುವುದಿಲ್ಲ.