ಕ್ಯಾಮೆರಾ ತೆರೆದಾಗ

ಜೋಗುಳಗಳನ್ನು ವಿಡಿಯೋ ಮಾಡಿಡುವ ಆ್ಯಪ್ ಒಂದನ್ನು ನಾಗವೇಣಿ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುತ್ತಿದ್ದಳು. ಬರೆದದ್ದನ್ನು ಎರಡು ಫೋನುಗಳಲ್ಲಿ ಓಡಿಸಿ ನೋಡುತ್ತಿದ್ದಳು. ಒಂದು, ಕಂಪ್ಯೂಟರ್ ಪರದೆಯೊಳಗೇ ಇರುವ ನಕಲಿ ಫೋನು. ಇನ್ನೊಂದು, ಗಾಜು ಬಿರುಕುಬಿಟ್ಟ ಹಳೆಯ ಫೋನು. ನಕಲಿಯಲ್ಲಿ ವಿಡಿಯೋ ಸರಾಗವಾಗಿ ಓಡುತ್ತಿತ್ತು. ಹಳೆಯದು ಮಾತ್ರ ಕ್ಯಾಮೆರಾ ತೆರೆದೊಡನೆ ಬಿಸಿಯಾಗಿ, ಗಕ್ಕನೆ ನಿಲ್ಲುತ್ತಿತ್ತು.

“ನಿನ್ನಿಂದ ಅವಳ ಕೆಲಸ ಕೆಡುತ್ತಿದೆ. ನಾಳೆ ನಿನ್ನನ್ನು ಡ್ರಾಯರಿಗೆ ಹಾಕುತ್ತಾಳೆ, ನೋಡು,” ಎಂದಿತು ನಕಲಿ ಫೋನು.

“ನಿನ್ನ ಕ್ಯಾಮೆರಾದಲ್ಲಿ ಏನು ಕಾಣುತ್ತದೆ?” ಎಂದು ಹಳೆಯ ಫೋನು ಕೇಳಿತು.

“ಚಿತ್ರದಲ್ಲಿ ಬರೆದ ಒಂದು ಕೋಣೆ. ಕುರ್ಚಿ, ಬೆಕ್ಕು. ಯಾವಾಗಲೂ ಅದೇ.”

“ನನಗೆ ಅವಳು ಕಾಣುತ್ತಾಳೆ. ಪರೀಕ್ಷೆಗೆಂದು ತಾನೇ ಹಾಡುತ್ತಾಳೆ. ನಾನು ಒಂದು ಕ್ಷಣ ಕೆಲಸ ಮರೆಯುತ್ತೇನೆ.”

“ಒಳ್ಳೆಯ ನೆಪ!” ಎಂದು ನಕಲಿ ಫೋನು ನಕ್ಕಿತು.

ಆ ಮಧ್ಯಾಹ್ನ ನಾಗವೇಣಿ ಕಂಪ್ಯೂಟರಿನ ಕ್ಯಾಮೆರಾವನ್ನು ನಕಲಿ ಫೋನಿಗೆ ಜೋಡಿಸಿದಳು. ಮುಂಗುರುಳು ಹಿಂದೆ ಸರಿಸಿ, ತುಸು ನಾಚಿ, ಮೊದಲ ಸಾಲು ಹಾಡಿದಳು. ಇಷ್ಟು ದಿನ ತನ್ನನ್ನು ಓಡಿಸಿದವಳ ಮುಖವನ್ನು ನಕಲಿ ಫೋನು ಮೊದಲ ಸಲ ನೋಡಿತು. ವಿಡಿಯೋ ಗಕ್ಕನೆ ನಿಂತಿತು.

“ಅಯ್ಯೋ, ನಿಂದೂ ಶುರುವಾಯ್ತಾ? ಹಾಗಾದ್ರೆ ತಪ್ಪು ನಾನು ಬರೆದಿದ್ರಲ್ಲೇ ಇದೆ. ಪಾಪ, ಈ ಮುದುಕನ್ನ ಸುಮ್ನೆ ಬೈದೆ,” ಎನ್ನುತ್ತ ಅವಳು ಹಳೆಯ ಫೋನನ್ನು ದುಪಟ್ಟಾದಲ್ಲಿ ಒರೆಸಿ ಪಕ್ಕದಲ್ಲಿಟ್ಟುಕೊಂಡಳು.

ನಕಲಿ ಫೋನು ಮೆಲ್ಲಗೆ ಕೇಳಿತು: “ಆ ತಪ್ಪು ಅವಳಿಗೆ ಬೇಗ ಸಿಕ್ಕಿಬಿಡುತ್ತದೆಯೇ?”

“ಹೆದರಬೇಡ,” ಎಂದಿತು ಹಳೆಯದು. “ಸಿಗುವ ತನಕ ಹಾಡುತ್ತಾಳೆ.”