ಹಾಡಿನ ಕೆಳಗಿನ ಹಾಡು

“ಬುದ್ಧಿ, ಮೊದಲು ಯಾವುದನ್ನು ಬದಲಿಸಲಿ? ಪ್ರೊಸೆಸರೋ, ಮೆಮೊರಿಯೋ, ಗ್ರಾಫಿಕ್ಸ್ ಕಾರ್ಡೋ?” ಎಂದು ಶಿಷ್ಯ ಗುರುಗಳನ್ನು ಕೇಳಿದ.

ಪ್ರತಿ ಸೋಮವಾರ ಮಠದಲ್ಲಿ ಗುರುಗಳ ಪ್ರವಚನ ನಡೆಯುತ್ತಿತ್ತು. ಅದನ್ನು ಕ್ಯಾಮೆರಾದಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ, ಜನರ ಫೋನುಗಳಿಗೆ ತಲುಪಿಸುವ ಕೆಲಸ ಈ ಶಿಷ್ಯನದು. ಭಕ್ತರೊಬ್ಬರು ಕಂಪ್ಯೂಟರಿಗೆ ಬೇಕಾದ ಯಾವುದಾದರೂ ಒಂದು ಭಾಗವನ್ನು ಕೊಡಿಸುವುದಾಗಿ ಹೇಳಿದ್ದರು. ಯಾವುದನ್ನು ಕೇಳಬೇಕೆಂಬ ಯೋಚನೆಯಲ್ಲಿ ಅವನಿಗೆ ಊಟವೂ ರುಚಿಸುತ್ತಿರಲಿಲ್ಲ.

“ಈಗಿರುವುದಕ್ಕೆ ಏನಾಗಿದೆ?” ಎಂದರು ಗುರುಗಳು.

“ಹೆಜ್ಜೆಹೆಜ್ಜೆಗೂ ನಿಲ್ಲುತ್ತದೆ ಬುದ್ಧಿ. ಕಳೆದ ಸೋಮವಾರದ ಪ್ರವಚನವನ್ನು ಇವತ್ತು ಬೆಳಿಗ್ಗೆಯಷ್ಟೇ ಮುಗಿಸಿದೆ. ತಾವು ಕೆಮ್ಮಿದ ಜಾಗವನ್ನು ಕತ್ತರಿಸಿದೆ, ನಿಂತಿತು. ನೀರು ಕುಡಿದ ಜಾಗವನ್ನು ಕತ್ತರಿಸಿದೆ, ಮತ್ತೆ ನಿಂತಿತು. ಶಾಲು ಸರಿಮಾಡಿಕೊಂಡ ಜಾಗಕ್ಕೆ ಬಂದಾಗ ಪೂರ್ತಿ ಆರಿಹೋಯಿತು.”

ಗುರುಗಳು ನಕ್ಕರು. “ನನ್ನ ಶಾಲಿಗೂ ಲೆಕ್ಕ ಇಟ್ಟಿದ್ದೀಯಲ್ಲ. ಕೂತುಕೋ. ಒಬ್ಬ ವಿಡಿಯೋದವನ ಕತೆ ಹೇಳುತ್ತೇನೆ” ಎಂದು ಆರಂಭಿಸಿದರು.

ಒಂದು ಊರಿನಲ್ಲಿ ಮದುವೆಗಳ ವಿಡಿಯೋ ಮಾಡುವವನೊಬ್ಬನಿದ್ದ. ಹಿಡಿಯುವವನೂ ಅವನೇ, ಕತ್ತರಿಸಿ ಜೋಡಿಸುವವನೂ ಅವನೇ. ಮೈಗಳ್ಳನಲ್ಲ, ಮೋಸಗಾರನೂ ಅಲ್ಲ. ಅವನ ಕಂಪ್ಯೂಟರ್ ಮಾತ್ರ ಹಳೆಯದು. ಗುಂಡಿ ಒತ್ತಿ, ಎದುರಿನ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು.

ಅವನು ಮೊದಲು ಮೆಮೊರಿ ಹೆಚ್ಚಿಸಿದ. ಸ್ವಲ್ಪ ಸರಾಗವಾಯಿತು. ಅಷ್ಟರಲ್ಲಿ ಹೊಸ ಕ್ಯಾಮೆರಾ ಬಂತು, ಅದರ ಚಿತ್ರಗಳು ಭಾರವಾದವು, ಕಂಪ್ಯೂಟರ್ ಮತ್ತೆ ಕುಂಟಿತು. ಪ್ರೊಸೆಸರ್ ತಂದ. ಅದು ಹಳೆಯ ಮದರ್‌ಬೋರ್ಡಿನಲ್ಲಿ ಕೂರಲಿಲ್ಲ, ಮದರ್‌ಬೋರ್ಡನ್ನೂ ಬದಲಿಸಿದ. ಗ್ರಾಫಿಕ್ಸ್ ಕಾರ್ಡ್ ತಂದ. ಅದಕ್ಕೆ ಕರೆಂಟು ಸಾಲದೆ ಪವರ್ ಸಪ್ಲೈ ಬದಲಿಸಿದ. ಕೊನೆಗೆ ಬಣ್ಣ ಇದ್ದದ್ದು ಇದ್ದ ಹಾಗೇ ಕಾಣಬೇಕೆಂದು ದೊಡ್ಡ ಮಾನಿಟರ್ ತಂದ. ಒಂದೊಂದಕ್ಕೂ ಅವನು ಮಾಡಿದ ವಿಚಾರಣೆಯನ್ನು ಮಗಳಿಗೆ ಗಂಡು ನೋಡುವವರೂ ಮಾಡುವುದಿಲ್ಲ.

ಮೇಜಿನ ಮೇಲೆ ಎರಡು ಪುಟ್ಟ ಸ್ಪೀಕರುಗಳಿದ್ದವು. ಒಂದು ಸತ್ತು ಎಷ್ಟೋ ಕಾಲವಾಗಿತ್ತು. ಇನ್ನೊಂದು ಗೊರಗೊರ ಎನ್ನುತ್ತಿತ್ತು. ಅವನ್ನು ಅವನು ಬದಲಿಸಲಿಲ್ಲ. ಅದಕ್ಕೆ ಕಾರಣವಿತ್ತು. ಮದುವೆಯ ವಿಡಿಯೋ ಹೇಗಿರುತ್ತದೆಂದು ನೀನೂ ನೋಡಿದ್ದೀಯೆ. ಗಂಡಿನ ಕಡೆಯವರು ಬಂದಿಳಿಯುವಾಗ ಒಂದು ಸಿನಿಮಾ ಹಾಡು, ಧಾರೆಗೆ ಇನ್ನೊಂದು, ಹೆಣ್ಣು ಒಪ್ಪಿಸುವಾಗ ಅಳುವ ಹಾಡು ಮತ್ತೊಂದು. ಓಲಗ, ಮಂತ್ರ, ನಗು, ಜಗಳ ಎಲ್ಲವನ್ನೂ ತೆಗೆದುಹಾಕಿ ಅದರ ಜಾಗದಲ್ಲಿ ಹಾಡನ್ನು ಹಾಸುವುದು ಆ ಕಸುಬಿನ ಪದ್ಧತಿ. ಕೇಳಬೇಕಾದದ್ದೇ ಇಲ್ಲದ ಮೇಲೆ ಸ್ಪೀಕರ್ ಯಾಕೆ ಎಂಬುದು ಅವನ ತರ್ಕ. ತರ್ಕದಲ್ಲಿ ತಪ್ಪಿಲ್ಲ.

ವಿಡಿಯೋಗಳನ್ನು ತುಂಬಿಡುವ ಡಿಸ್ಕ್ ಕೊಳ್ಳುವಾಗ ಅಂಗಡಿಯವನು ಎರಡು ತೋರಿಸಿದ. ಒಂದರಲ್ಲಿ ಜಾಗ ಹೆಚ್ಚು, ಆದರೆ ನಿಧಾನ. ಇನ್ನೊಂದು ಬಲು ವೇಗ, ಆದರೆ ಜಾಗ ಕಡಿಮೆ. ಅವನು ವೇಗದ್ದನ್ನು ಆರಿಸಿದ. ಜಾಗ ಸಾಲದೆ ಹೋದಾಗ ಅದಕ್ಕೂ ಒಂದು ಉಪಾಯ ಹುಡುಕಿದ. ಕ್ಯಾಮೆರಾದಿಂದ ಬಂದದ್ದನ್ನೆಲ್ಲ ಹಗುರ ಮಾಡಿ ಒಂದು ಪ್ರತಿ ತೆಗೆದಿಡುವುದು. ಹಾಗೆ ತೆಗೆಯುವಾಗ ಚಿತ್ರವನ್ನು ಮಾತ್ರ ಉಳಿಸಿ, ದನಿಯನ್ನು ಬಿಟ್ಟುಬಿಡುವುದು. ಆಮೇಲೆ ಕ್ಯಾಮೆರಾದ ಕಾರ್ಡನ್ನು ಅಳಿಸಿ ಮುಂದಿನ ಮುಹೂರ್ತಕ್ಕೆ ಹೊರಡುವುದು. ಕೆಲಸ ನೀರು ಹರಿದ ಹಾಗೆ ಸಾಗಿತು. ಅವನ ಚಿತ್ರಗಳ ಬಣ್ಣವನ್ನು ಜನ ಹೊಗಳಿದರು.

ಒಂದು ದಿನ ಒಬ್ಬ ಹೆಂಗಸು ಅವನ ಅಂಗಡಿಗೆ ಬಂದಳು. ಹಿಂದೆ ಅವಳ ಮದುವೆಯ ವಿಡಿಯೋ ಮಾಡಿದವನು ಅವನೇ. ಮದುವೆಯಾದ ಮೇಲೆ ಅವಳ ತಾಯಿ ಕಾಯಿಲೆ ಬಿದ್ದು ತೀರಿಕೊಂಡಿದ್ದಳು. ಈಗ ತಂಗಿಯ ಮದುವೆ ಹತ್ತಿರ ಬಂದಿತ್ತು.

“ಅಣ್ಣ, ನನ್ ಮದ್ವೇಲಿ ನಮ್ಮವ್ವ ಹಸೆ ಮುಂದೆ ಒಂದು ಹಾಡು ಹೇಳಿದ್ಳಲ್ಲ, ಅದು ಬೇಕಾಗಿತ್ತು,” ಎಂದಳು. “ಅದು ಅವಳ ಅವ್ವನಿಂದ ಬಂದ ಹಾಡು. ಈಗ ಯಾರಿಗೂ ಬರಲ್ಲ. ನಂಟರನ್ನೆಲ್ಲ ಕೇಳ್ದೆ, ಒಬ್ಬೊಬ್ರು ಒಂದೊಂದು ಹೇಳ್ತಾರೆ. ನನ್ ತಂಗಿ ಹಸೇಲಿ ಕೂತಾಗ ನಾನು ಅದನ್ನೇ ಹೇಳ್ಬೇಕು ಅಂತಿದ್ದೀನಿ. ನೀವು ಕೊಟ್ಟಿರೋ ವಿಡಿಯೋದಲ್ಲಿ ಅದರ ಮೇಲೆ ಸಿನಿಮಾ ಹಾಡು ಬಿಟ್ಟಿದ್ದೀರಿ. ಅದನ್ನ ತೆಗೆದ್ರೆ ಕೆಳಗೆ ಅವ್ವನ ಹಾಡು ಇರ್ತದಲ್ವಾ?”

ಅವನು ಕಂಪ್ಯೂಟರ್ ಹಾಕಿದ. ರೆಪ್ಪೆ ಬಡಿಯುವಷ್ಟರಲ್ಲಿ ಅದು ತೆರೆದುಕೊಂಡಿತು. ಮದುವೆಯ ಪ್ರತಿ ಸಿಕ್ಕಿತು. ದೊಡ್ಡ ಮಾನಿಟರಿನ ತುಂಬ ಆ ತಾಯಿಯ ಮುಖ ಬಂತು. ಹಣೆಯ ಬೆವರು, ಮೂಗುಬೊಟ್ಟು, ಕುಂಕುಮದ ಅಂಚು ಎಲ್ಲವೂ ನಿಚ್ಚಳವಾಗಿ ಕಂಡವು. ಅವಳ ತುಟಿಗಳು ಅಲುಗುತ್ತಿದ್ದವು. ದನಿ ಮಾತ್ರ ಇರಲಿಲ್ಲ.

ಅವನು ಸ್ಪೀಕರಿನ ತಿರುಪನ್ನು ತಿರುಗಿಸಿದ. ಮತ್ತೂ ತಿರುಗಿಸಿದ.

“ಸ್ಪೀಕರ್ ಕೆಟ್ಟಿರ್ಬೇಕು ಅಣ್ಣ,” ಎಂದಳು ಆಕೆ.

ಸ್ಪೀಕರ್ ಕೆಟ್ಟಿದ್ದು ನಿಜ. ಆದರೆ ದನಿಯನ್ನು ಬಿಟ್ಟುಬಿಟ್ಟವನು ತಾನೇ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಎದ್ದು ಪಕ್ಕದ ಅಂಗಡಿಗೆ ಓಡಿದ. ಅಲ್ಲಿದ್ದವುಗಳಲ್ಲಿ ಒಳ್ಳೆಯ ಸ್ಪೀಕರುಗಳನ್ನೇ ತಂದ. ಅವಸರದಲ್ಲಿ ತಂತಿ ಸಿಕ್ಕಿಸಲು ತಡವಾಯಿತು. ಒಂದು ವೇಳೆ ಅದೊಂದು ಮದುವೆಯಲ್ಲಿ ಮರೆತು ಉಳಿಸಿರಬಹುದು ಎಂದು ಅವನ ಜೀವ ಬಯಸುತ್ತಿತ್ತು. ಪಾಪ, ಮನುಷ್ಯ ಅಂಥ ಹೊತ್ತಿನಲ್ಲಿ ತನ್ನ ಮರೆವಿನ ಮೇಲೂ ಆಸೆ ಇಟ್ಟುಕೊಳ್ಳುತ್ತಾನೆ. ಅಷ್ಟು ಒಳ್ಳೆಯ ಸ್ಪೀಕರುಗಳಲ್ಲಿಯೂ ಏನೂ ಕೇಳಿಸಲಿಲ್ಲ.

ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. “ಅಮ್ಮಾ, ದನಿ ಇಲ್ಲ. ಜಾಗ ಸಾಲದು ಅಂತ ನಾನೇ ತೆಗೆದುಬಿಟ್ಟೆ. ಅವತ್ತು ಯಾರಾದರೂ ಫೋನಿನಲ್ಲಿ ಹಿಡಿದಿರಬಹುದಲ್ಲ?”

“ಹಿಡೀತಿದ್ರು ಅಣ್ಣ. ಅಡ್ಡ ಬರ್ಬೇಡಿ, ನಾನು ಹಿಡೀತಿದ್ದೀನಲ್ಲ ಅಂತ ನೀವೇ ಎಲ್ರನ್ನೂ ಹಿಂದಕ್ಕೆ ಕಳಿಸಿದ್ರಿ.”

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಮಾನಿಟರಿನ ಹತ್ತಿರ ಸರಿದು, “ಇನ್ನೊಂದ್ಸಲ ಹಾಕಿ,” ಎಂದಳು. ಅವನು ಹಾಕಿದ. ಅವಳು ತಾಯಿಯ ತುಟಿಗಳನ್ನೇ ನೋಡುತ್ತ ತನ್ನ ತುಟಿಗಳನ್ನೂ ಹಾಗೆಯೇ ಆಡಿಸಿದಳು. ಒಂದು ಪದ ಬಂದ ಹಾಗಾಯಿತು, ಮುಂದಿನದು ಕೂಡಲಿಲ್ಲ. ಮತ್ತೆ ಹಾಕಿಸಿದಳು, ಮತ್ತೆ ಸೋತಳು. ಆಮೇಲೆ ಅವನ ಕಡೆಗೆ ತಿರುಗಿದಳು.

“ನಾನು ಅವತ್ತು ತಲೆ ಬಗ್ಗಿಸ್ಕೊಂಡು ಕೂತಿದ್ದೆ ಅಣ್ಣ. ಎದೆ ಹೊಡ್ಕೊಳೋದು ಬಿಟ್ರೆ ನಂಗೇನೂ ಕೇಳಿಸ್ಲಿಲ್ಲ. ನೀವು ಅವ್ವನ ಎದುರಿಗೇ ನಿಂತಿದ್ರಿ. ನಿಮಗೆ ನೆನಪಿರ್ತದೆ. ಎಲ್ಲಾ ಬೇಡ, ಮೊದಲ ಸಾಲು ಹೇಳಿ ಸಾಕು.”

ಅವನು ಕಣ್ಣು ಮುಚ್ಚಿದ. ಆ ದಿನ ಆ ತಾಯಿಯ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದಿತ್ತು ಎಂಬುದು ನೆನಪಾಯಿತು. ಹಿಂದಿನ ಪರದೆಯ ಬಣ್ಣ ನೆನಪಾಯಿತು. ಅವಳು ಹಾಡು ಮುಗಿಸುವುದನ್ನೇ ತಾನು ಕಾಯುತ್ತಿದ್ದುದು ಸಹ ನೆನಪಾಯಿತು. ಹಾಡು ನೆನಪಾಗಲಿಲ್ಲ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು, “ಬತ್ತೀನಿ ಅಣ್ಣ,” ಎಂದು ಹೇಳಿ ಹೋದಳು. ತಂಗಿಯ ಮದುವೆಯಲ್ಲಿ ಹಸೆಯ ಮುಂದೆ ಯಾರೂ ಹಾಡಲಿಲ್ಲ. ಸ್ಪೀಕರಿನಲ್ಲಿ ಯಾವುದೋ ಸಿನಿಮಾ ಹಾಡು ಹಾಕಿದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ತಿಳಿಯಿತು ಬುದ್ಧಿ. ಹಾಗಾದರೆ ಭಕ್ತರಿಗೆ ದೊಡ್ಡ ಡಿಸ್ಕ್ ಕೊಡಿಸಲು ಹೇಳಲೋ, ಒಳ್ಳೆಯ ಸ್ಪೀಕರ್ ಕೊಡಿಸಲು ಹೇಳಲೋ?”

ಗುರುಗಳು ಅವನನ್ನು ನೋಡಿದರು. ನೋಟದಲ್ಲಿ ನಗುವಿರಲಿಲ್ಲ.

“ನಿನಗೆ ಬೇಕಾದದ್ದನ್ನು ಕೇಳು. ಅದಕ್ಕೆ ಮೊದಲು, ಕಳೆದ ಸೋಮವಾರ ನಾನು ಕೆಮ್ಮಿದ್ದಕ್ಕೂ ನೀರು ಕುಡಿದದ್ದಕ್ಕೂ ನಡುವೆ ಏನು ಹೇಳಿದೆ, ಅದನ್ನು ಹೇಳು.”

ಶಿಷ್ಯನ ತುಟಿಗಳು ಅಲುಗಿದವು. ದನಿ ಬರಲಿಲ್ಲ.